ಹಾಸಿಗೆ ನಾಲ್ಕು, ಜನ ಎಷ್ಟು?

ಟೈಟಾನಿಕ್ ಹಡಗಿನ ಕಥೆಯನ್ನು ಓದಿದ ಮಕ್ಕಳಿಗೆ ಸೌತಾಂಪ್ಟನ್ ಎಂಬ ಹೆಸರು ಹೊಸದಲ್ಲ. 1912ರ ಏಪ್ರಿಲ್ 10ರಂದು ಆ ಮಹಾನೌಕೆ ತನ್ನ ಮೊದಲ ಹಾಗೂ ಕೊನೆಯ ಯಾತ್ರೆಗೆ ಹೊರಟದ್ದು ಇಂಗ್ಲೆಂಡಿನ ದಕ್ಷಿಣ ತೀರದ ಈ ಬಂದರಿನಿಂದಲೇ. ಅದೇ ಊರಿನ ಮೇಫ್ಲವರ್ ಉದ್ಯಾನದಲ್ಲಿ ಪ್ರತಿವರ್ಷ ಸೆಪ್ಟೆಂಬರ್ ತಿಂಗಳಲ್ಲಿ ದೋಣಿಗಳ ಮೇಳವೊಂದು ಜರಗುತ್ತದೆ. 1620ರಲ್ಲಿ ಅಮೆರಿಕದತ್ತ ಹೊರಟ ಮೇಫ್ಲವರ್ ನೌಕೆಯ ನೆನಪಿಗಾಗಿ ಆ ಉದ್ಯಾನಕ್ಕೆ ಆ ಹೆಸರು ಬಂದಿದೆ. ಮೇಳದ ದಿನಗಳಿಗೆಂದೇ ನೀರಿನ ಮೇಲೆ ತೇಲುವ ದಕ್ಕೆಗಳನ್ನು ಜೋಡಿಸಿ, ಅವುಗಳ ಇಕ್ಕೆಲಗಳಲ್ಲಿ ನೂರಾರು ದೋಣಿಗಳನ್ನು ಕಟ್ಟಿ ನಿಲ್ಲಿಸುತ್ತಾರೆ. ಜಾತ್ರೆಯ ಸಂತೆಯಲ್ಲಿ ಎತ್ತುಗಳ ಹಲ್ಲು ನೋಡುತ್ತ ರೈತರು ಸಾಗುವಂತೆ, ಕೊಳ್ಳಲು ಬಂದವರು ದೋಣಿಯಿಂದ ದೋಣಿಗೆ ಹತ್ತಿ ಇಳಿಯುತ್ತ ಸಾಗುತ್ತಾರೆ.

ಅಲ್ಲಿಗೆ ಬರುವವರೆಲ್ಲ ಕೋಟ್ಯಧಿಪತಿಗಳಲ್ಲ. ಹಲವು ವರ್ಷ ಉಳಿತಾಯ ಮಾಡಿ, ಏಳೆಂಟು ಮೀಟರ್ ಉದ್ದದ ಸಣ್ಣದೊಂದು 'ಕ್ಯಾಬಿನ್ ಕ್ರೂಸರ್' ಕೊಳ್ಳುವ ಆಸೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬರುವ ಸಾಧಾರಣ ಸಂಸಾರಸ್ಥರೂ ಇರುತ್ತಾರೆ. ಎಂಜಿನ್ನಿನ ಬಲದಿಂದ ಓಡುವ, ಒಳಗೆ ಮಲಗಲು ಕೋಣೆಯುಳ್ಳ ವಿಹಾರದೋಣಿಗೆ ಈ ಹೆಸರು. ದೋಣಿಯ ಮುಂಭಾಗದಲ್ಲಿ ಇಬ್ಬರು ಮಲಗಬಹುದಾದ ತ್ರಿಕೋನಾಕಾರದ ಹಾಸಿಗೆ, ಮಡಚಿದರೆ ಮೇಜು ಬಿಡಿಸಿದರೆ ಮಂಚವಾಗುವ ಹಲಗೆ, ಒಂದು ಪುಟ್ಟ ಒಲೆ, ಮೊಳಕಾಲು ಮಡಚಿ ಕೂರಬೇಕಾದಂಥ ಶೌಚಾಲಯ ಇವೆಲ್ಲ ಆ ಇಕ್ಕಟ್ಟಿನಲ್ಲೇ ಅಡಗಿರುತ್ತವೆ. ಮಕ್ಕಳು ಓಡಿಹೋಗಿ ಮೆತ್ತೆಯ ಮೇಲೆ ಉರುಳುತ್ತಾರೆ. ತಾಯಿ ಒಲೆಯನ್ನು ನೋಡುತ್ತಾಳೆ. ತಂದೆ ಚುಕ್ಕಾಣಿ ಹಿಡಿದು ನಿಲ್ಲುತ್ತಾನೆ. 'ನಾಲ್ಕು ಹಾಸಿಗೆಯ ದೋಣಿ' ಎಂದು ಮಾರಾಟಗಾರನು ನುಡಿಯುತ್ತಾನೆ. ಮನಸ್ಸು ಅರ್ಧ ಸೋತಿರುತ್ತದೆ.

ಆದರೆ ಬಲ್ಲವರು ಮೊದಲು ನೋಡುವುದು ಮೆತ್ತೆಯನ್ನಲ್ಲ, ಚುಕ್ಕಾಣಿಯ ಸಮೀಪದಲ್ಲಿ ಅಂಟಿಸಿರುವ ಅಂಗೈಯಗಲದ ಒಂದು ಫಲಕವನ್ನು. ಯುರೋಪಿನಲ್ಲಿ ಮಾರಾಟವಾಗುವ ಇಂಥ ದೋಣಿಗಳಿಗೆ ಈ ಫಲಕ ಕಡ್ಡಾಯವಾಗಿ 25 ವರ್ಷಗಳು ಮೀರಿವೆ. ಅದರ ಮೇಲೆ ಒಂದು ಅಕ್ಷರವೂ ಕೆಲವು ಅಂಕೆಗಳೂ ಇರುತ್ತವೆ. ಅಕ್ಷರವು 'ಎ'ಯಿಂದ 'ಡಿ'ವರೆಗಿನ ನಾಲ್ಕರಲ್ಲಿ ಒಂದು. 'ಡಿ' ಎಂದರೆ ಕೆರೆ, ಕಾಲುವೆ, ಶಾಂತವಾದ ನದಿ. ಅಲೆ ಅರ್ಧ ಮೀಟರಿಗಿಂತ ಏಳಬಾರದು. 'ಸಿ' ಎಂದರೆ ಕರಾವಳಿಗೆ ಸಮೀಪದ ನೀರು, ಅಳಿವೆ, ದೊಡ್ಡ ಸರೋವರ. ಅಲೆಯ ಮಿತಿ 2 ಮೀಟರ್. 'ಬಿ' ಎಂದರೆ ತೀರದಿಂದ ದೂರದ ಕಡಲು, 4 ಮೀಟರ್ ಅಲೆಯವರೆಗೆ. ಅದಕ್ಕೂ ಮೀರಿದ್ದು 'ಎ'.

ಅಂಕೆಗಳಲ್ಲಿ ಮುಖ್ಯವಾದುದು ದೋಣಿ ಹೊರಬಹುದಾದ ಜನರ ಸಂಖ್ಯೆ. ಇದು ಹಾಸಿಗೆಗಳ ಸಂಖ್ಯೆಯಲ್ಲ, ಆಸನಗಳ ಸಂಖ್ಯೆಯೂ ಅಲ್ಲ. ಒಂದೇ ದೋಣಿಗೆ ಎರಡು ಅಂಕೆ ಬರೆದಿರುವುದೂ ಉಂಟು: ಒಳನೀರಿನಲ್ಲಿ ಎಂಟು ಮಂದಿ, ಹೊರಗಡಲಿನಲ್ಲಿ ಆರೇ ಮಂದಿ ಎಂಬಂತೆ. ಅಲೆ ಹೆಚ್ಚಿದಷ್ಟೂ ಹೊರೆ ತಗ್ಗಬೇಕೆಂಬುದೇ ಅದರ ಅರ್ಥ. ಜನರ ಜೊತೆಗೆ ಎಷ್ಟು ಕಿಲೋಗ್ರಾಂ ಸಾಮಾನು ಹೇರಬಹುದೆಂಬುದೂ ಅಲ್ಲೇ ಇರುತ್ತದೆ. ಅಜ್ಜ ಅಜ್ಜಿಯರನ್ನೂ ಕರೆದೊಯ್ಯುವ ಆಸೆಯಿದ್ದ ಸಂಸಾರಕ್ಕೆ ಆ ಒಂದು ಅಂಕೆಯೇ 'ಈ ದೋಣಿ ನಿಮ್ಮದಲ್ಲ' ಎಂದು ಹೇಳಿಬಿಡಬಹುದು. ಸೌತಾಂಪ್ಟನ್ ಈ ಪಾಠವನ್ನು ಕಠೋರವಾಗಿಯೇ ಕಲಿತ ಊರು. ಟೈಟಾನಿಕ್ಕಿನಲ್ಲಿದ್ದವರು ಸುಮಾರು 2,200 ಮಂದಿ. ಅದರ ರಕ್ಷಣಾದೋಣಿಗಳಲ್ಲಿ ಇದ್ದ ಸ್ಥಳ 1,178 ಮಂದಿಗೆ ಮಾತ್ರ.

ಕಣ್ಣಿಗೆ ಬೀಳದ ಇನ್ನೊಂದು ಅಪಾಯವೂ ಇದೆ. ಸಣ್ಣ ಕೋಣೆ, ಅದರ ಬಳಿಯಲ್ಲೇ ಎಂಜಿನ್, ಚಳಿಗೆಂದು ಸುತ್ತಲೂ ಮುಚ್ಚಿದ ಕ್ಯಾನ್ವಾಸು: ಈ ಮೂರು ಕೂಡಿದಲ್ಲಿ ಕಾರ್ಬನ್ ಮೋನಾಕ್ಸೈಡ್ ಎಂಬ ಅನಿಲ ತುಂಬಿಕೊಳ್ಳಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್, ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಕ್ಕಿದ ಬಲದಿಂದ ಈ ಅನಿಲವನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ. ನೀರಿನ ಮೇಲಿರುವವರು ಅದನ್ನು ಕಡಲಬೇನೆಯೆಂದೇ ಬಗೆಯುತ್ತಾರೆ. ನಿದ್ರೆಯಲ್ಲಿದ್ದವರಿಗೆ ಅಷ್ಟೂ ತಿಳಿಯುವುದಿಲ್ಲ. 2013ರ ಏಪ್ರಿಲ್ 1ರಂದು ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ ಕಟ್ಟಿ ನಿಲ್ಲಿಸಿದ್ದ ಇಂಥದೊಂದು ದೋಣಿಯಲ್ಲಿ ತಾಯಿಯೂ ಹತ್ತು ವರ್ಷದ ಮಗಳೂ ಮಲಗಿದಲ್ಲೇ ಮೃತಪಟ್ಟರು. ಕೋಣೆ ಬೆಚ್ಚಗಿರಲೆಂದು ನಡೆಸಿದ್ದ ಜನರೇಟರಿನ ಹೊಗೆ ಒಳಗೆ ಸೋರಿತ್ತು. 2016ರ ಜೂನ್‌ನಲ್ಲಿ ನಾರ್ಫೋಕ್ ಪ್ರಾಂತದ ರಾಕ್ಸಮ್ ಎಂಬಲ್ಲಿ, ಸುತ್ತಲೂ ಹೊದಿಕೆ ಮುಚ್ಚಿದ್ದ ದೋಣಿಯಲ್ಲಿ ಎಂಜಿನ್ನಿನ ಹೊಗೆಯಿಂದ ಮತ್ತಿಬ್ಬರು ಅಸುನೀಗಿದರು. ಆ ಬಳಿಕ, 2019ರ ಏಪ್ರಿಲ್‌ನಿಂದ, ಬ್ರಿಟನ್ನಿನ ಒಳನಾಡಿನ ಜಲಮಾರ್ಗಗಳಲ್ಲಿ ಸುರಕ್ಷತಾ ತಪಾಸಣೆಗೆ ಒಳಪಡುವ ಕೋಣೆಯುಳ್ಳ ದೋಣಿಗಳಿಗೆ ಈ ಅನಿಲದ ಎಚ್ಚರಿಕೆ ಗಂಟೆ ಕಡ್ಡಾಯವಾಯಿತು. ಅದರ ಬೆಲೆ ದೋಣಿಯ ಒಂದು ಮೆತ್ತೆಯ ಬೆಲೆಗಿಂತ ಹೆಚ್ಚಿರಲಾರದು.

ಆದುದರಿಂದ ಅನುಭವಸ್ಥರು ಮೇಳದಲ್ಲಿ ಕೇಳುವ ಪ್ರಶ್ನೆಗಳು ಬೇರೆ. ಎಂಜಿನ್ನಿನ ಮುಚ್ಚಳ ತೆರೆದು ತೋರಿಸುವಿರಾ? ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆ? ಗಾಳಿಯಾಡುವ ಕಿಂಡಿಗಳು ಎಲ್ಲಿವೆ? ಕೋಣೆಗೆ ಬಾಗಿಲಲ್ಲದೆ ಪಾರಾಗಲು ಮತ್ತೊಂದು ದಾರಿಯಿದೆಯೇ? ನಾಳೆ ನೀರಿನಲ್ಲಿ ಓಡಿಸಿ ನೋಡಬಹುದೇ? ಹಳೆಯ ದೋಣಿಯಾದರೆ, ಸ್ವತಂತ್ರ ಪರೀಕ್ಷಕರನ್ನು ಕರೆಸಿ ತಳಭಾಗವನ್ನು ಪರೀಕ್ಷಿಸುವ ಮೊದಲು ಹಣ ಪಾವತಿಸುವುದಿಲ್ಲ. ಕೊಂಡ ಬೆಲೆಯೊಂದೇ ಲೆಕ್ಕವಲ್ಲ. ವರ್ಷವಿಡೀ ಕಟ್ಟಿ ನಿಲ್ಲಿಸಲು ಬಾಡಿಗೆ, ವಿಮೆ, ಇಂಧನ, ಚಳಿಗಾಲದಲ್ಲಿ ದಡಕ್ಕೆ ಎತ್ತಿಸುವ ಖರ್ಚು ಇವೆಲ್ಲ ಬೆನ್ನಿಗೆ ಬರುತ್ತವೆ. ಆನೆ ಕೊಂಡ ಮೇಲೆ ಮೇವಿಗೆ ಅಂಜಿದರೆ ನಡೆಯದು. ಈ ಹಣದ ತೊಡಕಿನಲ್ಲಿ ಜನ ಮೊದಲು ಮೊಟಕುಗೊಳಿಸುವುದು ಸುರಕ್ಷತೆಯ ಸಾಮಗ್ರಿಯನ್ನೇ ಎಂಬುದು ದುಃಖದ ಸಂಗತಿ.

ಕಾಸರಗೋಡಿನ ಸಂಸಾರಗಳು ಕ್ಯಾಬಿನ್ ಕ್ರೂಸರ್ ಕೊಳ್ಳಲು ಹೊರಡುವುದಿಲ್ಲ. ಆದರೆ ರಜೆಯಲ್ಲಿ ವಲಿಯಪರಂಬದ ಹಿನ್ನೀರಿನಲ್ಲಿ ದೋಣಿಮನೆ ಹತ್ತುವವರು ಅನೇಕರು. ಶಾಲಾ ಪ್ರವಾಸಗಳಲ್ಲಿ ದೋಣಿಯ ಸವಾರಿ ಸಾಮಾನ್ಯ. ಕೇರಳದ ನೀರೂ ಪಾಠ ಕಲಿಸಿದೆ. 2007ರ ಫೆಬ್ರವರಿ 20ರಂದು ತಟ್ಟೇಕ್ಕಾಡಿನಲ್ಲಿ ಪ್ರವಾಸಕ್ಕೆ ಬಂದಿದ್ದ 15 ಮಂದಿ ಶಾಲಾಮಕ್ಕಳೂ 3 ಮಂದಿ ಅಧ್ಯಾಪಕಿಯರೂ ಪೆರಿಯಾರ್ ನದಿಯ ಪಾಲಾದರು. 2023ರ ಮೇ 7ರ ಸಂಜೆ ತಾನೂರಿನಲ್ಲಿ ವಿಹಾರದೋಣಿ ಮಗುಚಿ 22 ಮಂದಿ ಮಡಿದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಮೀನುಗಾರಿಕೆಯ ದೋಣಿಯೊಂದನ್ನು ಮಾರ್ಪಡಿಸಿ ಮಾಡಿದ ವಿಹಾರದೋಣಿಯದು. ಎರಡೂ ಕಡೆ ದೋಣಿಯಲ್ಲಿ ಇರಬೇಕಾದುದಕ್ಕಿಂತ ಹೆಚ್ಚು ಜನರಿದ್ದರು. ಮೇಲಂತಸ್ತಿನಲ್ಲಿ ಜನ ತುಂಬಿದಷ್ಟೂ ದೋಣಿಯ ಭಾರಕೇಂದ್ರ ಮೇಲೇರುತ್ತದೆ; ಎಲ್ಲರೂ ಒಂದೇ ಬದಿಗೆ ವಾಲಿದರೆ ಅದು ಮರಳಿ ನೆಟ್ಟಗಾಗದು. ಎಂಟನೆಯ ತರಗತಿಯ ವಿಜ್ಞಾನವೇ ಇದಕ್ಕೆ ಸಾಕು.

ಯಂತ್ರಚಾಲಿತ ದೋಣಿಗಳಿಗೆ ನೋಂದಣಿಯೂ ತಪಾಸಣೆಯ ಪ್ರಮಾಣಪತ್ರವೂ ಇರಬೇಕೆಂದು 2021ರ ಒಳನಾಡು ಜಲಯಾನ ಕಾಯಿದೆ ವಿಧಿಸುತ್ತದೆ. ಆದರೆ ದಡದಲ್ಲಿ ನಿಂತು ಕೇಳುವವರಿದ್ದರೆ ಮಾತ್ರ ಕಾಯಿದೆಗೆ ಜೀವ. ನೋಂದಣಿಯ ಸಂಖ್ಯೆ ಎಲ್ಲಿ? ಎಷ್ಟು ಮಂದಿಗೆ ಅನುಮತಿ? ಈಗಾಗಲೇ ಎಷ್ಟು ಮಂದಿ ಹತ್ತಿದ್ದಾರೆ? ಮಕ್ಕಳ ಅಳತೆಯ ಜೀವರಕ್ಷಕ ಅಂಗಿ ಇದೆಯೇ? ರಾತ್ರಿ ತಂಗುವುದಾದರೆ ಜನರೇಟರಿನ ಹೊಗೆ ಯಾವ ಕಡೆಗೆ ಹೋಗುತ್ತದೆ? ಇಷ್ಟನ್ನು ಕೇಳಲು ಎರಡು ನಿಮಿಷ ಸಾಕು. ಉತ್ತರ ಬಾರದಿದ್ದರೆ ಕೊಟ್ಟ ಟಿಕೇಟಿನ ಹಣ ಹೋದರೂ ಚಿಂತೆಯಿಲ್ಲ, ಮಕ್ಕಳ ಕೈ ಹಿಡಿದು ದಡದಲ್ಲೇ ಉಳಿಯುವುದು ಲೇಸು.