ಉಳಿದ ಗಿಡಕ್ಕೆ 125 ರೂಪಾಯಿ: ಬೆಳೆಸೋಣ, ಎಣಿಸೋಣ, ಕೇಳಿ ಪಡೆಯೋಣ!

ಹೊಲವುಳ್ಳ ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ,

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಇರುವುದು ಕೆರೆ, ಕೊಳವೆಬಾವಿ. ಸಾವಿರ ಅಡಿ ಕೊರೆಸಿದರೂ ಎಷ್ಟೋ ಕಡೆ ನೀರಿಲ್ಲ. ಇಂಥ ನೆಲದಲ್ಲೇ ದಶಕಗಳ ಕಾಲ ನೀಲಗಿರಿ ಬೆಳೆದೆವು. ಆರೈಕೆ ಬೇಡ, ದನ ಮೇಯುವುದಿಲ್ಲ, ಕಡಿದಾಗ ಕಾಸು ಎಂದು ನಂಬಿದೆವು. ಆದರೆ ಅದು ನೆಲದ ನೀರು ಹೀರುತ್ತದೆಂದು 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಬೇರು ಕಿತ್ತ ಆ ಹೊಲಗಳಿಗೆ ಮುಂದೇನು?

ದಾರಿ ಇದೆ. 2011ರಿಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ನಡೆಯುತ್ತಿದೆ. ಅರಣ್ಯ ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ತಂದು ಹೊಲದಲ್ಲೋ ಬದುವಿನಲ್ಲೋ ನೆಟ್ಟರೆ, ಬದುಕುಳಿದ ಪ್ರತಿ ಗಿಡಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ. ಹೆಕ್ಟೇರಿಗೆ 400 ಗಿಡಗಳವರೆಗೆ ಕೊಡುತ್ತಾರೆ. ಅಷ್ಟೂ ಉಳಿದರೆ ಮೂರು ವರ್ಷಕ್ಕೆ 50,000. ಎಕರೆಗೆ ಸುಮಾರು 20,000.

ಇದು ಯಾರೋ ಕೊಡುವ ಭಿಕ್ಷೆಯಲ್ಲ. ನಮ್ಮ ಹೊಲದ ಮರ ಇಂಗಿಸಿದ ಮಳೆನೀರು ಪಕ್ಕದವರ ಬಾವಿಗೂ ಸೇರುತ್ತದೆ, ತಡೆದ ಮಣ್ಣು ಊರಿನ ಕೆರೆಯಲ್ಲಿ ಹೂಳು ತುಂಬದಂತೆ ಕಾಯುತ್ತದೆ. ಎಲ್ಲರಿಗೂ ಆಗುವ ಒಳಿತಿಗೆ ಎಲ್ಲರ ತೆರಿಗೆ ಹಣದಿಂದ ಸಲ್ಲುವ ಕೂಲಿ ಇದು.

ಆದರೆ ನೆಟ್ಟಿದ್ದಕ್ಕೆ ಹಣವಿಲ್ಲ, ಉಳಿಸಿದ್ದಕ್ಕೆ ಮಾತ್ರ. ಗಿಡ ಉಳಿಸುವ ಹೊಣೆ ನಮ್ಮದು. ಎಣಿಸಿ, ಹೊತ್ತಿಗೆ ಸರಿಯಾಗಿ ಹಣ ಹಾಕುವ ಹೊಣೆ ಇಲಾಖೆಯದು.

ನಾವು ಮಾಡಬೇಕಾದ್ದು

1. ಮುಂಗಾರಿಗೆ ಮೊದಲೇ ಪಹಣಿ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್, ಫೋಟೊ ಹಿಡಿದು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ಸಸಿ ಪಡೆದ ರಸೀದಿ ಜೋಪಾನ.

2. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದೆಯೇ? ಈಗಲೇ ಪೌತಿ ಖಾತೆಗೆ ಅರ್ಜಿ ಕೊಡಿ. ದಾಖಲೆ ಸರಿಯಿಲ್ಲದಿದ್ದರೆ ದುಡಿದವರ ಕೈಗೆ ಹಣ ಬರುವುದಿಲ್ಲ.

3. ಹೊಂಗೆ, ಬೇವು, ಹುಣಸೆ, ನೆಲ್ಲಿ, ಹೆಬ್ಬೇವು ನೆಡಿ. ನೀಲಗಿರಿ, ಅಕೇಶಿಯಕ್ಕೆ ಪ್ರೋತ್ಸಾಹಧನವಿಲ್ಲ. ಶ್ರೀಗಂಧಕ್ಕೂ ಹೆದರಬೇಡಿ: 2001ರ ಕಾನೂನು ತಿದ್ದುಪಡಿಯಿಂದ ನಮ್ಮ ಹೊಲದ ಗಂಧದ ಮರಕ್ಕೆ ನಾವೇ ಮಾಲೀಕರು. ಕಡಿಯಲು, ಮಾರಲು ಮಾತ್ರ ಅನುಮತಿ ಬೇಕು.

4. ಮೊದಲ ಎರಡು ಬೇಸಿಗೆ ದಾಟಿಸಿ. ಬುಡಕ್ಕೆ ಪಾತಿ, ಹೊದಿಕೆಗೆ ಸೊಪ್ಪು-ಸದೆ, ಸುತ್ತ ಮುಳ್ಳುಬೇಲಿ. ಸತ್ತ ಗಿಡಕ್ಕೆ ಯಾರೂ ಹಣ ಕೊಡುವುದಿಲ್ಲ.

ನಾವು ಕೇಳಬೇಕಾದ್ದು

1. ಗಿಡದ ಎಣಿಕೆ ರೈತರ ಎದುರೇ ನಡೆಯಲಿ. ಎಣಿಸಿದ ಸಂಖ್ಯೆಯನ್ನು ಬರೆದು, ಸಹಿ ಮಾಡಿ ಕೈಗೆ ಕೊಡಲಿ.

2. ಯಾರು ನೋಂದಾಯಿಸಿದರು, ಎಷ್ಟು ಗಿಡ ಉಳಿದವು, ಎಷ್ಟು ಹಣ ಸಂದಿತು ಎಂಬ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಲಿ. ಪಂಚಾಯಿತಿ ಗೋಡೆಗೂ ಅಂಟಿಸಲಿ.

3. ಕಂತು ತಡವಾದರೆ ಕಾರಣವನ್ನು ಬರೆದು ತಿಳಿಸಲಿ. ತಿಳಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿಯ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಲೇಬೇಕು.

ಒಬ್ಬರೇ ಹೋದರೆ "ನಾಳೆ ಬನ್ನಿ" ಎನ್ನುತ್ತಾರೆ. ಊರಿನ ಹತ್ತು ಮನೆಯವರು ಒಟ್ಟಿಗೆ ಹೋದರೆ ಕಡತ ಹೊರಬರುತ್ತದೆ. ಹೆಣ್ಣುಮಕ್ಕಳೂ ಬನ್ನಿ, ಬಿಂದಿಗೆ ಹೊತ್ತು ಆ ಗಿಡಗಳಿಗೆ ನೀರುಣಿಸುವವರು ನೀವೇ.

ಮುಂದಿನ ಗ್ರಾಮಸಭೆಗೆ ತಪ್ಪದೇ ಬನ್ನಿ. ಪಹಣಿ ತನ್ನಿ, ಪ್ರಶ್ನೆ ತನ್ನಿ. ಈ ಕರಪತ್ರವನ್ನು ಓದಿ, ಓದಲು ಬಾರದವರಿಗೆ ಓದಿ ಹೇಳಿ, ಪಕ್ಕದ ಹೊಲದವರ ಕೈಗೆ ಕೊಡಿ.

ಇಂತಿ,
ನಿಮ್ಮೂರಿನ ರೈತರು