ಗೃಹವಿಚಾರ: ಆಟದ ಹೆಡ್‌ಫೋನಿಗೆ ಸೌಂಡ್ ಕಾರ್ಡು

ಕಂಪ್ಯೂಟರಿನಲ್ಲಿ ಆಟವಾಡುವ ಹುಡುಗರಿರುವ ಮನೆಗಳಲ್ಲಿ, ಹೆಡ್‌ಫೋನು ಬಂದ ಕೆಲವು ದಿನಗಳಿಗೆ ಸೌಂಡ್ ಕಾರ್ಡಿನ ಬೇಡಿಕೆಯೂ ಬರುವುದುಂಟು. ಶತ್ರುವಿನ ಹೆಜ್ಜೆಯ ಸಪ್ಪಳವು ಸರಿಯಾಗಿ ಕೇಳಿಸದು, ಕಾರ್ಡೊಂದಿದ್ದರೆ ಕೇಳಿಸುವುದು ಎಂಬುದು ಅವರ ವಾದ. ಹಣ ಕೊಡತಕ್ಕ ಹಿರಿಯರಿಗಾದರೋ ಆ ವಸ್ತುವಿನ ಕೆಲಸವೇನೆಂಬುದೇ ತಿಳಿಯದು. ಅಂಗಡಿಯವನು ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವನೇ ಹೊರತು ಅವುಗಳ ಅರ್ಥವನ್ನು ಹೇಳನು. ಹೀಗಾಗಿ ಒಂದೋ ಗದರಿಸಿ ಸುಮ್ಮನಾಗಿಸುವುದು, ಇಲ್ಲವೆ ಬೆಲೆ ಹೆಚ್ಚಾದುದೇ ಉತ್ತಮವಿರಬೇಕೆಂದು ಬಗೆದು ತಂದುಬಿಡುವುದು, ಇವೆರಡರಲ್ಲಿ ಒಂದು ನಡೆದುಹೋಗುತ್ತದೆ. ಕೊಳ್ಳುವ ಮೊದಲು ವಿಚಾರಿಸತಕ್ಕ ಸಂಗತಿಗಳನ್ನು ಈ ಸಲ ವಾಚಕರ ಮುಂದಿಡುತ್ತೇವೆ.

ಕಂಪ್ಯೂಟರು ಶಬ್ದವನ್ನು ಅಂಕೆಗಳ ರೂಪದಲ್ಲಿ ಕೂಡಿಟ್ಟಿರುತ್ತದೆ. ಆ ಅಂಕೆಗಳನ್ನು ವಿದ್ಯುತ್ತಿನ ಅಲೆಗಳನ್ನಾಗಿ ಮಾಡುವುದು, ಆ ಅಲೆಗಳಿಗೆ ಹೆಡ್‌ಫೋನನ್ನು ನುಡಿಸುವಷ್ಟು ಬಲವನ್ನು ಕೊಡುವುದು, ಮೈಕಿನಿಂದ ಬಂದ ಮಾತನ್ನು ತಿರುಗಿ ಅಂಕೆಗಳಿಗೆ ಇಳಿಸುವುದು, ಇಷ್ಟೇ ಸೌಂಡ್ ಕಾರ್ಡಿನ ಕೆಲಸ. ಮೊದಮೊದಲು ಮನೆಯ ಕಂಪ್ಯೂಟರುಗಳಿಗೆ ಕೀಚೆಂದು ಕೂಗುವುದರ ಹೊರತು ಬೇರೆ ದನಿಯೇ ಇರಲಿಲ್ಲ. 1987ರಲ್ಲಿ ಕೆನಡಾ ದೇಶದ ಆಡ್‌ಲಿಬ್ ಕಾರ್ಡು, 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಬಂದ ಮೇಲೆ ಆಟಗಳಿಗೆ ಸಂಗೀತವೂ ಮಾತೂ ಕೂಡಿಬಂದವು. ಆ ಕಾಲದಲ್ಲಿ ಕಾರ್ಡು ಕೊಳ್ಳದೆ ಗತ್ಯಂತರವಿರಲಿಲ್ಲ. 1997ರ ಮತ್ತು 2004ರ ಇಂಟೆಲ್ ಕಂಪನಿಯ ಕ್ರಮಗಳು ಬಳಕೆಗೆ ಬಂದಂತೆ ಈ ಕೆಲಸವೆಲ್ಲ ಕಂಪ್ಯೂಟರಿನ ಮುಖ್ಯ ಹಲಗೆಯಲ್ಲಿಯೇ ಸೇರಿಹೋಯಿತು. ಆಟದ ಶಬ್ದಗಳ ದಿಕ್ಕನ್ನು ಗಣಿಸುವ ಕೆಲಸವೊಂದು ಕಾರ್ಡಿಗೆ ಉಳಿದಿತ್ತು. 2007ರಲ್ಲಿ ಬಂದ ವಿಂಡೋಸ್ ವಿಸ್ಟಾ ಆ ಹಾದಿಯನ್ನೂ ಮುಚ್ಚಿತು. ಆದುದರಿಂದ ಇಪ್ಪತ್ತು ವರ್ಷಗಳ ಹಿಂದೆ ಆಟವಾಡುತ್ತಿದ್ದ ಚಿಕ್ಕಪ್ಪನೋ ಸೋದರಮಾವನೋ ಕಾರ್ಡು ಬೇಕೇ ಬೇಕೆಂದು ಹೇಳಿದರೆ, ಅದು ಆ ಕಾಲಕ್ಕೆ ಸರಿಯಾದ ಮಾತೆಂದು ತಿಳಿಯತಕ್ಕದ್ದು.

ಮೊದಲು ಮನೆಯಲ್ಲಿರುವ ಹೆಡ್‌ಫೋನಿನ ತುದಿಯನ್ನು ನೋಡಬೇಕು. ಅದು ಯು.ಎಸ್.ಬಿ. ಪಿನ್ನಿನದಾಗಿದ್ದರೆ ಅಥವಾ ತಂತಿಯಿಲ್ಲದ್ದಾಗಿದ್ದರೆ, ಸೌಂಡ್ ಕಾರ್ಡು ಅದರೊಳಗೇ ಅಡಗಿರುತ್ತದೆ. ಹೊಸದನ್ನು ತಂದರೆ ಅದು ಮೇಜಿನ ಮೇಲೆ ಸುಮ್ಮನೆ ಕುಳಿತಿರುವುದೇ ಸರಿ. ದುಂಡನೆಯ ಸಣ್ಣ ಪಿನ್ನಿರುವ ಹೆಡ್‌ಫೋನಿಗೆ ಮಾತ್ರ ಈ ವಿಚಾರವು ಅನ್ವಯಿಸುತ್ತದೆ.

ಎರಡನೆಯದಾಗಿ ದೋಷವೇನೆಂಬುದನ್ನು ಹುಡುಗನಿಂದ ಬಿಡಿಸಿ ಕೇಳಬೇಕು. ಮೌಸನ್ನು ಅಲುಗಿಸಿದಾಗ, ಅಥವಾ ಆಟದ ಚಿತ್ರವು ಭರದಿಂದ ಓಡುವಾಗ ಚಿರ್ರೆಂಬ ದನಿ ಬರುತ್ತದೆಂದು ಹೇಳಿದರೆ, ಕಂಪ್ಯೂಟರಿನ ಒಳಗಿನ ವಿದ್ಯುತ್ತಿನ ಗಲಭೆಯು ಶಬ್ದದ ತಂತಿಯನ್ನು ಸೇರುತ್ತಿದೆಯೆಂದು ಅರ್ಥ. ಡಬ್ಬದ ಮುಂಭಾಗದ ಜ್ಯಾಕಿಗೆ ಒಳಗಿನಿಂದ ಉದ್ದನೆಯ ತಂತಿಯು ಸುತ್ತಿ ಬರುವುದರಿಂದ ಅಲ್ಲಿ ಈ ಉಪದ್ರವ ಹೆಚ್ಚು. ಪಿನ್ನನ್ನು ಹಿಂಭಾಗದ ಹಸುರು ಜ್ಯಾಕಿಗೆ ಸಿಕ್ಕಿಸಿ ನೋಡಿದರೆ ಎಷ್ಟೋ ಸಲ ಅಷ್ಟಕ್ಕೇ ಗುಣವಾಗುತ್ತದೆ. ಸದಾ ಗುಂಯ್‌ಗುಡುವ ಶಬ್ದವಾದರೆ ಅದರ ಮೂಲವೇ ಬೇರೆಯಿರಬಹುದು. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿದಾಗ ಅದು ನಿಂತುಹೋದರೆ, ದೋಷವಿರುವುದು ಕರೆಂಟಿನ ಕಡೆಯಲ್ಲಿ. ನಮ್ಮ ಹಳೆಯ ಮನೆಗಳಲ್ಲಿ ಗೋಡೆಯ ಸಾಕೆಟ್ಟಿಗೆ ಮೂರು ತೂತುಗಳಿದ್ದರೂ ಮೂರನೆಯದಕ್ಕೆ ಅರ್ಥಿಂಗ್ ತಂತಿಯನ್ನೇ ಕೊಟ್ಟಿರುವುದಿಲ್ಲ. ಇದಕ್ಕೆ ಕರೆಯಬೇಕಾದುದು ಎಲೆಕ್ಟ್ರೀಷಿಯನ್ನನನ್ನು. ಆಟದ ಮಾತು ಹಾಗಿರಲಿ, ಜೀವರಕ್ಷಣೆಯ ದೃಷ್ಟಿಯಿಂದಲೂ ಅದು ಆಗಲೇಬೇಕಾದ ಕೆಲಸ.

ಹೆಜ್ಜೆಯ ಸಪ್ಪಳವು ಯಾವ ದಿಕ್ಕಿನದೆಂದು ತಿಳಿಯುವುದಿಲ್ಲವೆಂಬುದು ದೂರಾದರೆ ಆಟದ ಒಳಗಣ ಏರ್ಪಾಡನ್ನು ನೋಡಬೇಕು. ಬಲಗಡೆಯ ಶಬ್ದವು ಎಡಗಿವಿಯನ್ನು ಮುಟ್ಟುವುದು ಒಂದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಮೆ ತಡವಾಗಿ. ಆ ತಡದಿಂದಲೂ, ತಲೆಯು ಅಡ್ಡವಾಗಿ ಶಬ್ದವು ಮಂಕಾಗುವುದರಿಂದಲೂ, ಕಿವಿಯ ಹಾಲೆಯ ತಿರುವುಗಳಿಂದಲೂ ನಮಗೆ ದಿಕ್ಕು ತಿಳಿಯುತ್ತದೆ. ಈಗಿನ ಆಟಗಳು ಇದನ್ನೆಲ್ಲ ತಾವೇ ಗಣಿಸಿ ಎರಡೇ ಕಿವಿಗಳಿಗೆ ಹಂಚಿಕೊಡಬಲ್ಲವು. ಕೌಂಟರ್‌ಸ್ಟ್ರೈಕ್ ಆಟಕ್ಕೆ 2016ರಲ್ಲಿಯೇ ಈ ಸೌಕರ್ಯವು ಬಂದಿತು. 2017ರಿಂದ ವಿಂಡೋಸಿನಲ್ಲಿಯೂ ಇಂಥದೊಂದು ಏರ್ಪಾಡು ಹಣವಿಲ್ಲದೆ ದೊರೆಯುತ್ತದೆ. ಪೆಟ್ಟಿಗೆಯ ಮೇಲೆ 7.1 ಎಂದು ಮೆರೆಯುವ ಅಂಕೆಯು ಇದೇ ಗಣನೆಯ ಇನ್ನೊಂದು ಬಗೆ. ಆಟವು ಒಮ್ಮೆ ಮಾಡಿದುದನ್ನು ಕಾರ್ಡು ಇನ್ನೊಮ್ಮೆ ಮಾಡಿದರೆ ದಿಕ್ಕು ಸ್ಪಷ್ಟವಾಗುವುದರ ಬದಲು ಕಲಸಿಹೋಗುತ್ತದೆ. ಎರಡರಲ್ಲೊಂದನ್ನು ಆರಿಸಿಡತಕ್ಕದ್ದು.

ಇನ್ನು ಬಲದ ವಿಚಾರ. ಅಂಗಡಿಗಳಲ್ಲಿ ಹೆಚ್ಚು ಹಣ ಸುಲಿಯುವುದು ಈ ಮಾತಿನಿಂದಲೇ ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಹೈಪರ್‌ಎಕ್ಸ್ ಕ್ಲೌಡ್ 2 ಎಂಬುದು ಹೆಸರಾದ ಆಟದ ಹೆಡ್‌ಫೋನು. ಅದರ ಪ್ರತಿರೋಧ 60 ಓಮ್. ಒಂದು ಮಿಲಿವ್ಯಾಟ್ ಬಲಕ್ಕೆ 98 ಡೆಸಿಬೆಲ್ ಶಬ್ದವನ್ನು ಕೊಡುತ್ತದೆ. ಇದಕ್ಕೆ ಕೇವಲ ಒಂದು ವೋಲ್ಟನ್ನು ಒದಗಿಸಿದರೆ ಸುಮಾರು 17 ಮಿಲಿವ್ಯಾಟ್ ಬಲವಾಗಿ, ಶಬ್ದವು 110 ಡೆಸಿಬೆಲ್‌ವರೆಗೆ ಏರುತ್ತದೆ. ಭಾರವಾದುದೆಂದು ಹೆಸರಾದ, ಜರ್ಮನಿಯ ಬೇಯರ್‌ಡೈನಾಮಿಕ್ ಕಂಪನಿಯ 250 ಓಮಿನ ಡಿಟಿ 990 ಪ್ರೊ ಹೆಡ್‌ಫೋನಿಗೂ ಅದೇ ಒಂದು ವೋಲ್ಟು ಸುಮಾರು 102 ಡೆಸಿಬೆಲ್ ಕೊಡಬಲ್ಲುದು. ಆಪಲ್ ಕಂಪನಿಯವರು ಅಮೆರಿಕದಲ್ಲಿ 9 ಡಾಲರಿಗೆ ಮಾರಾಟಕ್ಕೆ ತಂದ, ಬೆರಳುದ್ದದ ಯು.ಎಸ್.ಬಿ. ಸಿ ತಂತಿಯೂ ಒಂದು ಸೌಂಡ್ ಕಾರ್ಡೇ. ಕಂಪ್ಯೂಟರಿಗೆ ಸಿಕ್ಕಿಸಿದಾಗ ಅದರಿಂದ ಸುಮಾರು ಒಂದು ವೋಲ್ಟು ಹೊರಡುತ್ತದೆ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಮಾತ್ರ ಅದರ ದನಿ ಕುಗ್ಗುವುದುಂಟು. ಹೀಗಿರುವಾಗ ಆಟದ ಹೆಡ್‌ಫೋನಿಗಾಗಿ ಸಾವಿರಾರು ರೂಪಾಯಿಯ ಆಂಪ್ಲಿಫೈಯರನ್ನು ಕೊಳ್ಳುವುದು, ಬಿಂದಿಗೆ ನೀರಿಗೆ ಐದು ಕುದುರೆಯ ಪಂಪನ್ನು ಹೂಡಿದಂತೆಯೇ ಸರಿ.

ಇಷ್ಟು ಪರೀಕ್ಷೆಗಳಾದ ಮೇಲೂ ಗಲಭೆ ನಿಲ್ಲದಿದ್ದರೆ, ಜ್ಯಾಕು ಸವೆದು ಹೋಗಿದ್ದರೆ, ಅಥವಾ ಯಂತ್ರಕ್ಕೆ ಜ್ಯಾಕೇ ಇಲ್ಲದಿದ್ದರೆ, ಆಗ ಕೊಳ್ಳುವುದು ನ್ಯಾಯ. ಡಬ್ಬದೊಳಗೆ ಕೂರಿಸುವ ಕಾರ್ಡಿಗಿಂತ ಹೊರಗೆ ಸಿಕ್ಕಿಸುವ ಯು.ಎಸ್.ಬಿ. ಕಾರ್ಡೇ ನಮಗೆ ಮೇಲೆಂದು ತೋರುತ್ತದೆ. ಅದು ಒಳಗಿನ ಗಲಭೆಯಿಂದ ದೂರವಿರುತ್ತದೆ. ಕಂಪ್ಯೂಟರು ಬದಲಾದರೂ ಉಳಿಯುತ್ತದೆ. 24 ಬಿಟ್, 96 ಕಿಲೋಹರ್ಟ್ಸ್ ಎಂಬ ದೊಡ್ಡ ಅಂಕೆಗಳಿಗೆ ಹೆಚ್ಚಿನ ಹಣ ಕೊಡಬೇಕಾದುದಿಲ್ಲ. ಸಿ.ಡಿ.ಯ 16 ಬಿಟ್ಟೇ 96 ಡೆಸಿಬೆಲ್ ಏರಿಳಿತವನ್ನು ಹಿಡಿದಿಡಬಲ್ಲುದು. ಆಟದ ಗುಂಡಿನ ಸದ್ದಿಗೆ ಅದು ಧಾರಾಳವಾಯಿತು. ವಿವರದಲ್ಲಿ ಹೊರದ್ವಾರದ ಪ್ರತಿರೋಧವನ್ನು ಬರೆದಿದ್ದರೆ, ಅದು ಹೆಡ್‌ಫೋನಿನ ಓಮಿನ ಎಂಟನೆಯ ಒಂದು ಪಾಲಿಗಿಂತ ಹೆಚ್ಚಿರಬಾರದು. ಎಂದರೆ 32 ಓಮಿನ ಹೆಡ್‌ಫೋನಿಗೆ 4 ಓಮ್ ಮೀರಕೂಡದು. ಮೀರಿದರೆ ಕೆಲವು ಹೆಡ್‌ಫೋನುಗಳಲ್ಲಿ ಮಂದ್ರಸ್ವರವು ಊದಿಕೊಂಡು ಹೆಜ್ಜೆಯ ಸಪ್ಪಳವನ್ನು ಮುಚ್ಚುತ್ತದೆ. ಪಿನ್ನಿನ ಮೇಲೆ ಮೂರು ಕಪ್ಪು ಗೆರೆಗಳಿದ್ದರೆ ಹೆಡ್‌ಫೋನೂ ಮೈಕೂ ಒಂದರಲ್ಲೇ ಇವೆಯೆಂದು ತಿಳಿಯಬೇಕು. ಕಾರ್ಡಿನಲ್ಲಿ ಹಸುರು ಮತ್ತು ಗುಲಾಬಿ ಬಣ್ಣದ ಎರಡು ಜ್ಯಾಕುಗಳಿದ್ದರೆ, ಅವಕ್ಕೆ ಕವಲೊಡೆಯುವ ಸಣ್ಣ ತಂತಿಯೊಂದನ್ನು ಜೊತೆಗೇ ತರಬೇಕು. ಇಲ್ಲವಾದರೆ ಮೈಕು ಮೂಕವಾಗಿ, ಕಾರ್ಡಿನ ಮೇಲೆ ವೃಥಾ ಅಪವಾದ ಬರುವುದು.

ಹಣಕ್ಕಿಂತಲೂ ನಮಗೆ ಹೆಚ್ಚು ಚಿಂತೆಯಾಗಿರುವುದು ಕಿವಿಯದು. ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆಯಂತೆ ದೊಡ್ಡವರು 80 ಡೆಸಿಬೆಲ್ ಶಬ್ದವನ್ನು ವಾರಕ್ಕೆ 40 ಗಂಟೆಗಳ ಕಾಲ ಕೇಳಬಹುದು. 90 ಆದರೆ ನಾಲ್ಕೇ ಗಂಟೆ. ಮಕ್ಕಳಿಗೆ ಅದೇ 40 ಗಂಟೆಗಳಿಗೆ 75 ಡೆಸಿಬೆಲ್ ಮಿತಿ. ಮೇಲೆ ಹೇಳಿದ 110 ಡೆಸಿಬೆಲ್ ಒಂದೇ ವೋಲ್ಟಿನಿಂದ ಬಂದುದೆಂಬುದನ್ನು ಇಲ್ಲಿ ನೆನೆಯಬೇಕು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಹುಡುಗನು ದನಿಯನ್ನು ಏರಿಸುವುದು ಗುಂಡಿನ ಆರ್ಭಟದ ಆಸೆಯಿಂದಲ್ಲ, ಹೆಜ್ಜೆಯ ಸಣ್ಣ ಸಪ್ಪಳವು ಕೇಳಿಸಲೆಂದು; ಆದರೆ ಸಪ್ಪಳದೊಡನೆ ಆರ್ಭಟವೂ ಏರುತ್ತದೆ. ಇದಕ್ಕೊಂದು ಉಪಾಯವುಂಟು. ಅನೇಕ ವಿಂಡೋಸ್ ಯಂತ್ರಗಳಲ್ಲಿ, ಶಬ್ದದ ವಿಭಾಗದೊಳಗೆ, ಲೌಡ್‌ನೆಸ್ ಈಕ್ವಲೈಜೇಶನ್ ಎಂಬ ಏರ್ಪಾಡಿರುತ್ತದೆ. ಕೆಲವು ಆಟಗಳಲ್ಲಿ ಇದನ್ನೇ ನೈಟ್ ಮೋಡ್ ಎನ್ನುತ್ತಾರೆ. ಇದು ಸಣ್ಣ ಶಬ್ದವನ್ನು ಎತ್ತಿ, ದೊಡ್ಡದನ್ನು ತಗ್ಗಿಸುತ್ತದೆ. ಮೊದಲು ಇದನ್ನು ಹಚ್ಚಿ, ದನಿಯನ್ನು ಪೂರಾ ಇಳಿಸಿ, ಹೆಜ್ಜೆಯು ಕೇಳಿಸುವವರೆಗೆ ಮಾತ್ರ ಮೆಲ್ಲನೆ ಏರಿಸಿಕೊಳ್ಳುವಂತೆ ಹುಡುಗನಿಗೆ ಹೇಳಿ, ಒಂದು ವಾರ ಆಡಲು ಬಿಡಬೇಕು. ಕಾರ್ಡು ಕೊಳ್ಳುವ ಮಾತನ್ನು ಆ ವಾರದ ಮೇಲೆ ಎತ್ತಿಕೊಂಡರಾಯಿತು.