ವ್ಯಾನು ಯಾರಿಗಾಗಿ?

ನಮ್ಮ ಧರ್ಮಕೇಂದ್ರದ ಕುಟುಂಬವೊಂದು ಗಾಲಿಕುರ್ಚಿಯಲ್ಲಿರುವ ತಾಯಿಗಾಗಿ, ಇಳಿಜಾರು ಹಲಗೆ ಅಳವಡಿಸಿದ ಹಳೆಯ ವ್ಯಾನೊಂದನ್ನು ಕೊಳ್ಳಲು ಹೊರಟಿದೆ. ‘ಪೂಜೆಗೆ ಎತ್ತಿಕೊಂಡೇ ತರಬಹುದಲ್ಲ, ಸ್ವಾಮಿ?’ ಎಂದು ನೆರೆಯವರೊಬ್ಬರು ಕೇಳಿದರು. ತರಬಹುದು, ಆದರೆ ಆ ವಾಕ್ಯದಲ್ಲಿ ತಾಯಿ ಕರ್ಮಪದ, ಕರ್ತೃಪದವಲ್ಲ.

ಮಕ್ಕಳು ಎಂಜಿನ್, ಟೈರು, ಬೆಲೆ ಎಲ್ಲವನ್ನೂ ಪರೀಕ್ಷಿಸಿದ್ದಾರೆ. ತಾಯಿಯನ್ನು ಮಾತ್ರ ಕರೆದೊಯ್ದಿಲ್ಲ! ಒಳಹೋಗುವಾಗ ತಲೆ ಬಾಗಿಲಿಗೆ ತಾಗುವುದೋ, ನೆಲಕ್ಕೆ ಬಿಗಿಯುವ ನಾಲ್ಕು ಪಟ್ಟಿಗಳು ಆ ಕುರ್ಚಿಗೆ ಹೊಂದುವುವೋ, ಸೀಟುಬೆಲ್ಟ್ ಹೆಗಲಿಗೆ ಸರಿಯಾಗಿ ಕೂರುವುದೋ ಎಂಬುದು ಅವರು ಏರಿ ಕುಳಿತಾಗಲೇ ತಿಳಿದೀತು. ಮಾರ್ಪಾಡು ನೋಂದಣಿ ಪತ್ರದಲ್ಲಿ ದಾಖಲಾಗಿದೆಯೇ ಎಂದೂ ನೋಡಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ಅದನ್ನು ಕೇಳುತ್ತದೆ.

ಶನಿವಾರ ಮತ್ತೊಮ್ಮೆ ವ್ಯಾನು ನೋಡಲು ಹೋಗುವಾಗ ತಾಯಿಯೂ ಜೊತೆಗಿರಲಿ. ಮುಂಗಡದ ಹಣ ಅದುವರೆಗೆ ಮನೆಯಲ್ಲೇ ಇರಲಿ.